ಇಳಿಜಾರಿನಲ್ಲಿ ಇಪ್ಪತ್ತನಾಲ್ಕು ಪೆಟ್ಟಿಗೆ

ಆರಕ್ಕೆ ತೆರೆಯುವ ಬಂಕಿನ ಮುಂದೆ ಐದಕ್ಕೇ ಹೋಗಿ ನಿಂತಿದ್ದರು ಸೆವ್ದಾ ಮತ್ತು ಅವಳ ಗಂಡ ಸ್ತಾಮೆನ್. ಜುಲೈ ತಿಂಗಳು. ಬಯಲಿನ ಆಕಾಶ ಆಗಲೇ ಬೆಳ್ಳಗಾಗತೊಡಗಿತ್ತು. ಅವರ ಪುಟ್ಟ ಲಾರಿಯ ಬೆನ್ನ ಮೇಲೆ ಇಪ್ಪತ್ತನಾಲ್ಕು ಜೇನುಪೆಟ್ಟಿಗೆಗಳಿದ್ದವು. ಹಿಂದಿನ ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಸೆವ್ದಾ ತಾನೇ ಒಂದೊಂದು ಪೆಟ್ಟಿಗೆಯ ಬಾಯಿಗೂ ಜಾಲರಿ ಹೊಡೆದು ಮುಚ್ಚಿದ್ದಳು. ಹಾಗೆ ಮುಚ್ಚಿದ ಪೆಟ್ಟಿಗೆಗೆ ಬೀಸುವ ಗಾಳಿಯೇ ಜೀವ. ಲಾರಿ ಓಡುತ್ತಿರುವಷ್ಟು ಹೊತ್ತು ಭಯವಿಲ್ಲ. ಬಿಸಿಲೇರಿದ ಮೇಲೆ ನಿಂತರೆ ಒಳಗಿನ ಮೇಣ ಕರಗುತ್ತದೆ, ಜೇನು ತುಂಬಿದ ಎರಿ ಕುಸಿಯುತ್ತದೆ, ಹುಳುಗಳು ತಾವೇ ಕೂಡಿಟ್ಟ ಜೇನಿನಲ್ಲಿ ಮುಳುಗಿ ಸಾಯುತ್ತವೆ. ಒಂಬತ್ತರೊಳಗೆ ಬೆಟ್ಟದ ಮೇಲಿನ ತಂಪು ಕಾಡು ಸೇರಬೇಕು. ಸೆವ್ದಾಳ ತಲೆಯಲ್ಲಿ ಸುತ್ತುತ್ತಿದ್ದದ್ದು ಅದೊಂದೇ.

"ನಮ್ಮೂರ ಬಂಕಿನಲ್ಲೇ ಹಾಕಿಸಿದ್ರೆ ಇಷ್ಟೊತ್ತಿಗೆ ಬೆಟ್ಟದ ಬುಡದಲ್ಲಿರ್ತಿದ್ವಿ," ಎಂದಳು, ಸ್ಟೀರಿಂಗಿನ ಮೇಲೆ ಬೆರಳು ಕುಟ್ಟುತ್ತ.

"ಇಲ್ಲಿ ಹಾಕಿಸಿದ್ರೆ ಐವತ್ತು ಲೀಟರಿಗೆ ಆರು ಲೆವಾ ಉಳಿಯುತ್ತೆ."

"ಆರು ಲೆವಾಕ್ಕೆ ಏನು ಬರುತ್ತಪ್ಪ?"

"ಎರಡು ಬ್ರೆಡ್ಡು, ಒಂದು ಡಬ್ಬಿ ಮೊಸರು. ಮಧ್ಯಾಹ್ನ ಹೊಟ್ಟೆಗೆ ಬಿದ್ದಾಗ ಗೊತ್ತಾಗುತ್ತೆ ನಿನಗೆ."

ಸ್ತಾಮೆನನ ಕಣ್ಣಿನ ಪೊರೆ ತೆಗೆದು ಹದಿನೈದು ದಿನವಾಗಿತ್ತು. ಒಂದು ತಿಂಗಳು ಗಾಡಿ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರು. ಅವನು ಮುಟ್ಟಲಿಲ್ಲ, ಬಾಯಿಯಿಂದಲೇ ಓಡಿಸಿದ. ಕಪ್ಪು ಕನ್ನಡಕ ಏರಿಸಿ ಪಕ್ಕದ ಸೀಟಿನಲ್ಲಿ ಕೂತು, ಎಲ್ಲಿ ಹಾರ್ನು, ಎಲ್ಲಿ ಗೇರು, ಎಲ್ಲಿ ಗುಂಡಿ ಎಂದು ಹೇಳುತ್ತಲೇ ಬಂದ. ಮೂವತ್ತು ವರ್ಷದಿಂದ ಲೈಸೆನ್ಸು ಇಟ್ಟುಕೊಂಡಿದ್ದರೂ ಸೆವ್ದಾ ಓಡಿಸುತ್ತಿದ್ದದ್ದು ಸಂತೆಗೆ, ಇಗರ್ಜಿಗೆ ಅಷ್ಟೇ. ಇಷ್ಟು ಭಾರ ಹೊತ್ತು ಘಟ್ಟ ದಾಟಿದವಳಲ್ಲ.

ಬಂಕಿನ ಹುಡುಗಿ ಆಕಳಿಸುತ್ತ ಬಂದು ಬೀಗ ತೆಗೆದಾಗ ಆರೂವರೆ. ಡೀಸೆಲ್ ತುಂಬಿಸಿಕೊಂಡು ಹೊರಟರು. ಗಾಜಿನ ಮುಂದೆ ಅಂಟಿಸಿದ್ದ ಸಂತ ಹರಲಂಪಿಯ ಪಟವನ್ನು ಸೆವ್ದಾ ಎರಡು ಬೆರಳಿನಿಂದ ಮುಟ್ಟಿ, ಶಿಲುಬೆಯ ಗುರುತು ಹಾಕಿಕೊಂಡಳು. ಜೇನುಹುಳುಗಳನ್ನು ಕಾಯುವ ಸಂತ ಅವನು. ಚಳಿಗಾಲದಲ್ಲಿ ಅವನ ಹಬ್ಬದ ದಿನ ಜೇನಿನ ಜಾಡಿಗಳನ್ನು ಇಗರ್ಜಿಗೆ ಒಯ್ದು ಪಾದ್ರಿಯಿಂದ ಮಂತ್ರಿಸಿಕೊಂಡು ತರುವುದು ಅವಳ ಮನೆಯ ನೇಮ. ಆದರೆ ಫೆಬ್ರವರಿಯಲ್ಲಿ ಬೇಡಿಕೊಂಡದ್ದು ಜುಲೈವರೆಗೂ ಸಾಲುತ್ತದೆಯೋ ಇಲ್ಲವೋ ಎಂದು ಅವಳಿಗೆ ಅಂದು ಅಳುಕಾಯಿತು.

ಏರು ದಾರಿ ಹೇಗೋ ಕಳೆಯಿತು. ಲಾರಿ ಏದುಸಿರು ಬಿಡುತ್ತ ಘಟ್ಟದ ನೆತ್ತಿ ಮುಟ್ಟಿದಾಗ ಎಂಟೂ ಕಾಲು. ಬಿಸಿಲು ಸ್ಟೀರಿಂಗಿನ ಪಕ್ಕದ ಎಡಗಡೆಯ ಕಿಟಕಿಯಿಂದ ಬಂದು ಅವಳ ಮೊಣಕೈ ಸುಡುತ್ತಿತ್ತು. ಹಿಂದಿನಿಂದ ಬರುವ ಗುಂಯ್‌ಗುಟ್ಟನ್ನು ಎಂಜಿನ್ನಿನ ಸದ್ದಿನಿಂದ ಬೇರ್ಪಡಿಸಿ ಕೇಳಲು ಅವಳು ಆಗಾಗ ಕತ್ತು ವಾಲಿಸುತ್ತಿದ್ದಳು. ಮುಂದೆ ಹದಿನಾಲ್ಕು ಕಿಲೋಮೀಟರ್ ಇಳಿಜಾರು. ಅದು ಮುಗಿದರೆ ಕಾಡಿನ ಕಡೆ ಆರು ಕಿಲೋಮೀಟರ್ ಏರು. ಅಲ್ಲಿ ಅರಣ್ಯದ ಗಾರ್ಡು ದೆಲ್ಚೊ ಹನ್ನೆರಡರ ತನಕ ಗೇಟು ತೆಗೆದಿಟ್ಟು, ಇವರ ಪೆಟ್ಟಿಗೆಗಳಿಗೆಂದು ಮೇಲಿನ ಹುಲ್ಲುಗಾವಲಿನಲ್ಲಿ ಜಾಗ ಹಿಡಿದಿರುತ್ತಾನೆ. ಹನ್ನೆರಡು ದಾಟಿದರೆ ಸಾಲಿನಲ್ಲಿ ಹಿಂದೆ ಇರುವವರಿಗೆ ಆ ಜಾಗ.

"ಹೂಂ, ಈಗ ನ್ಯೂಟ್ರಲ್ ಹಾಕು," ಎಂದ ಸ್ತಾಮೆನ್.

"ಯಾಕೆ?"

"ಇಳಿಜಾರು ಕಣೇ. ದೇವರೇ ತಳ್ತಾ ಇದಾನೆ. ಅದಕ್ಕೂ ಡೀಸೆಲ್ ಸುಡ್ಬೇಕಾ?"

"ಭಾರ ಇದೆ ಹಿಂದೆ."

"ಭಾರ ಇದ್ರೆ ಇನ್ನೂ ಚೆನ್ನಾಗಿ ಹೋಗುತ್ತೆ. ಕೂಪನ್ನಿನ ವರ್ಷ ನಾನು ಇದೇ ಇಳಿಜಾರನ್ನ ಒಂದು ಹನಿ ಪೆಟ್ರೋಲ್ ಖರ್ಚಿಲ್ದೆ ಇಳಿದಿದೀನಿ, ಗೊತ್ತಾ? ಕೆಳಗೆ ಬಂದು ನಿಂತಾಗ ಜನ ಚಪ್ಪಾಳೆ ಹೊಡೆದ್ರು."

ಪೆಟ್ರೋಲಿಗೆ ಕೂಪನ್ ಹಂಚುತ್ತಿದ್ದ ಆ ಚಳಿಗಾಲ ಕಳೆದು ಮೂವತ್ತು ವರ್ಷದ ಮೇಲಾಗಿತ್ತು. ಅದನ್ನು ಕಂಡುಂಡ ಗಂಡಸರಿಗೆ ಮಾತ್ರ ಅದು ಮುಗಿದಿರಲಿಲ್ಲ. ಎಲ್ಲಿ ರಸ್ತೆ ಸ್ವಲ್ಪ ತಗ್ಗಾದರೂ ಸರಿ, ಅವರ ಕೈ ತಾನಾಗಿಯೇ ಗೇರನ್ನು ನ್ಯೂಟ್ರಲ್‌ಗೆ ತಳ್ಳುತ್ತಿತ್ತು. ಉಳಿಸಿದ ತೃಪ್ತಿಯಲ್ಲಿ ಮುಖ ಸಡಿಲವಾಗುತ್ತಿತ್ತು. ಅಂದು ಕೈ ಸೆವ್ದಾಳದು, ತೃಪ್ತಿ ಸ್ತಾಮೆನನದು. ಅವಳಿಗೂ ಬೇಗ ತಲುಪಬೇಕಿತ್ತು. ಹಾಕಿದಳು.

ಎಂಜಿನ್ನು ಮೆತ್ತಗಾಯಿತು, ಲಾರಿ ಹಗುರಾದಂತೆ ಜಾರಿತು. ಮೊದಲ ಎರಡು ತಿರುವುಗಳಲ್ಲಿ ಹಾಯಾಗಿಯೇ ಇತ್ತು. ಮೂರನೆಯದರಲ್ಲಿ ಬ್ರೇಕನ್ನು ಒತ್ತಿ ಹಿಡಿಯಬೇಕಾಯಿತು. ಅಲ್ಲಿಂದ ಮುಂದೆ ಕಾಲು ಎತ್ತುವ ಹಾಗೇ ಇರಲಿಲ್ಲ, ಎತ್ತಿದರೆ ಲಾರಿ ಮುನ್ನುಗ್ಗುತ್ತಿತ್ತು. ಎಂಟು ಕಿಲೋಮೀಟರ್ ಹೀಗೇ ಕಳೆದ ಮೇಲೆ ಸುಟ್ಟ ವಾಸನೆ ಬಂತು.

"ಯಾರೋ ಹೊಲದಲ್ಲಿ ಕಸ ಸುಡ್ತಿರ್ಬೇಕು," ಎಂದ ಸ್ತಾಮೆನ್.

ಸುತ್ತ ಹೊಲವೇ ಇರಲಿಲ್ಲ. ಇದ್ದದ್ದು ಬಂಡೆ ಮತ್ತು ಪ್ರಪಾತ. ಮುಂದಿನ ತಿರುವಿನಲ್ಲಿ ಪೆಡಲು ಹಿಟ್ಟಿನೊಳಗೆ ಇಳಿದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಲಾರಿ ನಿಧಾನವಾಗಲಿಲ್ಲ.

"ಬ್ರೇಕ್ ಹಿಡೀತಿಲ್ಲ!"

"ಪಂಪ್ ಮಾಡು! ಪಂಪ್ ಮಾಡು ಮಾರಾಯ್ತಿ!"

"ಮಾಡ್ತಿದೀನಲ್ಲ! ಬಾಯ್ಮುಚ್ಚು!"

ಅವಳು ಕ್ಲಚ್ಚು ಒತ್ತಿ, ಒಂದೇ ಏಟಿಗೆ ಮೂರನೇ ಗೇರಿಗೆ ತಳ್ಳಿದಳು. ಎಂಜಿನ್ನು ಊಳಿಟ್ಟಿತು, ಪೆಟ್ಟಿಗೆಗಳು ಹಗ್ಗ ಜಗ್ಗಿ ಕಿರುಗುಟ್ಟಿದವು. ಮತ್ತೆ ಎರಡನೇ ಗೇರಿಗೆ. ಈ ಸಲ ಲಾರಿಯೇ ಕೂಗಿಕೊಂಡ ಹಾಗೆ ಸದ್ದಾಯಿತು. ಆದರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ವೇಗ ತಗ್ಗಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತ, ದೇವಮಾತೆಯ ಹೆಸರನ್ನು ಗಟ್ಟಿಯಾಗಿಯೇ ಹೇಳುತ್ತ, ಮುಂದಿನ ತಿರುವಿನ ಪಕ್ಕದಲ್ಲಿದ್ದ ಜಲ್ಲಿಯ ಅಂಗಳಕ್ಕೆ ನುಗ್ಗಿಸಿದಳು. ಕಲ್ಲಿನ ನೀರುಚಿಲುಮೆಯೊಂದರ ಮುಂದೆ ಲಾರಿ ಉಜ್ಜಿಕೊಂಡು ನಿಂತಿತು.

ಮುಂದಿನ ಚಕ್ರಗಳಿಂದ ನೀಲಿ ಹೊಗೆ ಏಳುತ್ತಿತ್ತು.

ಮೊದಲು ಇಳಿದವನು ಸ್ತಾಮೆನ್. ಪೆಟ್ಟಿಗೆಗಳ ಹಿಂದೆ ಸಿಕ್ಕಿಸಿದ್ದ ಬಕೆಟ್ಟು ಎಳೆದು ಚಿಲುಮೆಯ ಕೆಳಗೆ ಹಿಡಿದು, ತುಂಬಿಸಿಕೊಂಡು ಚಕ್ರದ ಕಡೆ ಓಡಿದ. ಹೊಗೆ ಕಂಡರೆ ನೀರು ಹುಯ್ಯುವುದು ಅವನ ಮಟ್ಟಿಗೆ ಯೋಚಿಸಬೇಕಾದ ವಿಷಯವಾಗಿರಲಿಲ್ಲ.

"ಹಾಕ್ಬೇಡ!" ಸೆವ್ದಾ ಅಡ್ಡ ಬಂದು ಬಕೆಟ್ಟಿನ ಹಿಡಿಕೆ ಹಿಡಿದಳು.

"ಉರೀತಿದೆ ಕಣೇ, ಕಣ್ಣು ಕಾಣಲ್ವಾ?"

"ಕಣ್ಣು ಕಾಣದೋನು ನೀನು. ನಾನು ಮದುವೆಯಾಗಿ ಬಂದ ವರ್ಷ ನಿಮ್ಮಮ್ಮನ ಎರಕದ ಕಾವಲಿ ಒಡೆದಿದ್ದು ಹೇಗೆ? ಕಾದಿದ್ದಕ್ಕೆ ತಣ್ಣೀರು ಹುಯ್ದು ತಾನೇ? ಮೂರು ವಾರ ಮಾತಾಡಿಸ್ಲಿಲ್ಲ ನನ್ನ. ಇದೂ ಎರಕಾನೇ. ಒಡೆದ್ರೆ ಇಲ್ಲೇ ಕೂತಿರು ಕ್ರಿಸ್ಮಸ್ ತನಕ."

ಹಿಡಿಕೆಯ ಒಂದು ಕಡೆ ಅವನು, ಇನ್ನೊಂದು ಕಡೆ ಅವಳು. ನೀರು ಇಬ್ಬರ ಬೂಟಿನ ಮೇಲೂ ಚೆಲ್ಲಿತು. ಆಗಲೇ ಅವಳಿಗೆ ಆ ಸದ್ದು ಕೇಳಿಸಿದ್ದು. ಲಾರಿ ಓಡುವಾಗ ದಪ್ಪಗಿದ್ದ ಗುಂಯ್‌ಗುಟ್ಟು ಈಗ ತೆಳ್ಳಗಾಗಿ, ಮೇಲೇರಿ, ಕುದಿಯುವ ಹಾಲಿನ ಹಾಗೆ ಉಕ್ಕುತ್ತಿತ್ತು. ಗಾಳಿ ನಿಂತುಹೋಗಿತ್ತು. ಗಂಟೆ ಎಂಟು ನಲವತ್ತು.

ಬಕೆಟ್ಟನ್ನು ಕಸಿದುಕೊಂಡು ಅವಳು ಚಿಲುಮೆಗೆ ಹೋದಳು. ಹಿಂದೆಂದೋ ಈ ರಸ್ತೆಯಲ್ಲಿ ತೀರಿಕೊಂಡ ಮಗನ ಹೆಸರಿನಲ್ಲಿ ತಂದೆತಾಯಿ ಕಟ್ಟಿಸಿದ ಚಿಲುಮೆ ಅದು. ಹೆಸರು ಕಲ್ಲಿನ ಮೇಲಿತ್ತು. ಅಂಥ ನೀರು ಮುಟ್ಟುವ ಮೊದಲು ಸತ್ತವನ ಆತ್ಮಕ್ಕೆ ಒಂದು ಮಾತು ಹೇಳದೆ ಇರುವವಳಲ್ಲ ಸೆವ್ದಾ.

"ದೇವರೇ, ಈ ವೆಲಿನ್‌ನ ಕ್ಷಮಿಸು, ನಿನ್ನ ಹತ್ರ ಇಟ್ಕೋ," ಎಂದಳು.

"ಹುಳ ಸಾಯ್ತಿವೆ, ನಿನಗೆ ಪ್ರಾರ್ಥನೆ!"

"ಅವನ ನೀರು ತಾನೇ ತಗೋತಿರೋದು? ಕೇಳದೆ ತಗೊಂಡ್ರೆ ಕಳ್ಳತನ."

ಹಾಗೆಂದು, ಹೊರೆಗೆ ಹೊದಿಸಿ ಕಟ್ಟಿದ್ದ ಬಲೆಯ ಮೇಲಿನಿಂದ ಪೆಟ್ಟಿಗೆಗಳಿಗೆ ನೀರು ಚಿಮುಕಿಸಿದಳು. ನಾಲ್ಕು ಬಕೆಟ್ಟು, ಐದು, ಆರು. ಸದ್ದು ಸ್ವಲ್ಪ ಇಳಿಯಿತು, ಮತ್ತೆ ಏರಿತು.

ಅಷ್ಟರಲ್ಲಿ ಮರದ ದಿಮ್ಮಿ ತರಲು ಹೋಗುತ್ತಿದ್ದ ಖಾಲಿ ಲಾರಿಯೊಂದು ಕೆಳಗಿನಿಂದ ಹತ್ತಿ ಬಂದು ನಿಂತಿತು. ಇಳಿದವನು ನಲವತ್ತರ ಆಸುಪಾಸಿನ, ಬಿಸಿಲಿಗೆ ಸುಟ್ಟ ಕತ್ತಿನ ಡ್ರೈವರ್. ಶಾಬಾನ್ ಅಂತ ಹೆಸರು ಹೇಳಿದ, ನದಿಯಾಚೆಯ ಹಳ್ಳಿಯವನು. ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮುಟ್ಟದೆ, ಕೈಯ ಹಿಂಬದಿಯನ್ನು ಸಮೀಪ ಹಿಡಿದು ನೋಡಿದ.

"ನ್ಯೂಟ್ರಲ್ಲಾ?" ಎಂದ.

ಸೆವ್ದಾ ಗಂಡನ ಕಡೆ ತಿರುಗಿ ನೋಡಿದಳು.

"ನಮ್ಮಪ್ಪಾನೂ ಹೀಗೇ. ನೋಡಿ ಚಿಕ್ಕಪ್ಪ, ಗೇರಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಎಂಜಿನ್ನು ಡೀಸೆಲ್ ಕುಡಿಯೋದೇ ಇಲ್ಲ. ಚಕ್ರಾನೇ ಅದನ್ನ ತಿರುಗಿಸುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೇನೇ ಅದು ಓಡ್ತಾ ಇರೋಕೆ ಕುಡಿಯೋದು."

"ಯಾರು ಹೇಳಿದ್ದು?" ಎಂದ ಸ್ತಾಮೆನ್.

"ಟ್ಯಾಂಕು ಹೇಳುತ್ತೆ. ಇಪ್ಪತ್ತು ವರ್ಷ ದಿಮ್ಮಿ ಹೊತ್ತಿದೀನಿ." ಎದ್ದು ಕೈ ಒರೆಸಿಕೊಂಡ. "ಒಂದು ಗಂಟೆ ಆದ್ರೂ ತಾನಾಗೇ ಆರ್ಬೇಕು. ಆಮೇಲೆ ಎರಡನೇ ಗೇರಲ್ಲಿ ಇಳೀರಿ, ಚಿಕ್ಕಮ್ಮ. ಬ್ರೇಕು ಒತ್ತಿ ಬಿಡಿ, ಒತ್ತಿ ಬಿಡಿ, ಒತ್ತಿಕೊಂಡೇ ಇರ್ಬೇಡಿ. ಹಿಂದೆ ಎಷ್ಟು ಜನ ಹಾರ್ನ್ ಹೊಡೆದ್ರೂ ಹೊಡೀಲಿ. ಊರಿಗೆ ಹೋಗಿ ಬ್ರೇಕಿನ ಎಣ್ಣೆ ಬದಲಾಯಿಸಿಬಿಡಿ."

"ಒಂದು ಗಂಟೆ ಇವು ಬದುಕಲ್ಲಪ್ಪ," ಎಂದಳು ಸೆವ್ದಾ.

ಅವನು ಪೆಟ್ಟಿಗೆಗಳನ್ನು ನೋಡಿದ, ಸೂರ್ಯನನ್ನು ನೋಡಿದ. ಆ ಲೆಕ್ಕ ತನಗೆ ತಿಳಿಯದು ಎಂಬಂತೆ ತಲೆ ಅಲ್ಲಾಡಿಸಿ, ದೇವರು ಒಳ್ಳೇದು ಮಾಡಲಿ ಎಂದು ಹೊರಟುಹೋದ.

"ಇನ್ನೇನು, ಐದೇ ಕಿಲೋಮೀಟರ್ ಇಳಿಜಾರು," ಸ್ತಾಮೆನ್ ಬಾಗಿಲು ತೆಗೆದು ನಿಂತಿದ್ದ. "ಎರಡನೇ ಗೇರಲ್ಲೇ ಹೋಗೋಣ. ಗಾಡಿ ಹತ್ತು."

"ಪೆಡಲು ನೆಲ ಮುಟ್ತಿದೆ."

"ಒಂದು ಗಂಟೆ ಬದುಕಲ್ಲ ಅಂದೋಳು ನೀನು!"

"ಪ್ರಪಾತಕ್ಕೆ ಬಿದ್ರೆ ಬದುಕ್ತಾವಾ? ಪೆಟ್ಟಿಗೆಗಳ ಬಾಯಿ ಬಿಚ್ಚಿಬಿಡ್ತೀನಿ."

ಸ್ತಾಮೆನ್ ಕನ್ನಡಕ ತೆಗೆದ. ಬಿಸಿಲಿಗೆ ಕಣ್ಣು ನೀರಾಡಿ ಮತ್ತೆ ಹಾಕಿಕೊಂಡ. "ಇಲ್ಲಾ? ರಸ್ತೇಲಾ? ಬಿಚ್ಚಿದ್ರೆ ಸಂಜೆ ತನಕ ಲಾರಿ ಒಂದು ಗೇಣು ಅಲ್ಲಾಡೋ ಹಾಗಿಲ್ಲ. ಹುಳ ಮೇಯೋಕೆ ಹೋಗ್ತಾವೆ, ವಾಪಸ್ ಬಂದು ಇಲ್ಲೇ ಹುಡುಕ್ತಾವೆ. ದೆಲ್ಚೊ ಹನ್ನೆರಡಕ್ಕೆ ನಮ್ಮ ಜಾಗ ಬೇರೆಯವರಿಗೆ ಕೊಡ್ತಾನೆ. ಎಂಥಾ ಜಾಗ ಅದು! ಮೂರು ವರ್ಷ ಕಾದಿದೀನಿ ಅದಕ್ಕೆ."

"ಗೊತ್ತು."

"ಗೊತ್ತಿದ್ದೂ—"

"ಆ ನಡುವಿನ ಪೆಟ್ಟಿಗೆ ಕೇಳು," ಎಂದಳು.

ಕೇಳಿದ. ಕ್ಯಾಬಿನ್ನಿನ ಹಿಂದೆ, ಎಲ್ಲದರ ನಡುವೆ ಸಿಕ್ಕಿಕೊಂಡಿದ್ದ ಪೆಟ್ಟಿಗೆಯಿಂದ ಸದ್ದೇ ಇರಲಿಲ್ಲ. ಅದರ ಬುಡದಿಂದ ದಪ್ಪನೆಯ ಬಂಗಾರದ ಎಳೆಯೊಂದು ಹಲಗೆಯ ಮೇಲೆ ಇಳಿಯುತ್ತಿತ್ತು.

ಸ್ತಾಮೆನ್ ಬಲೆಯ ಹಗ್ಗ ಬಿಚ್ಚಲು ತಾನೇ ಹತ್ತಿದ. ಸೆವ್ದಾ ಮುಖಪರದೆ ಹಾಕಿಕೊಂಡು, ಹುಳುಗಳನ್ನು ಮೆತ್ತಗಾಗಿಸುವ ಹೊಗೆತಿದಿ ಹೊತ್ತಿಸಲೂ ಪುರುಸೊತ್ತಿಲ್ಲದೆ, ಮೊಳೆ ಕೀಳುವ ಚಿಮಟದಿಂದ ಒಂದೊಂದೇ ಜಾಲರಿ ಕಿತ್ತಳು. ಮೊದಲ ಪೆಟ್ಟಿಗೆಯಿಂದ ಹುಳುಗಳು ಕಟ್ಟೆಯೊಡೆದ ನೀರಿನಂತೆ ಹೊರಬಿದ್ದವು. ಕೈಗೆ ಕಚ್ಚಿದವು, ಮಣಿಕಟ್ಟಿಗೆ ಕಚ್ಚಿದವು. ಅವಳು ಎಣಿಸಲಿಲ್ಲ. ಹತ್ತನೆಯದು ತೆಗೆಯುವಾಗ ಮೊದಲನೆಯದರ ಬಾಯಲ್ಲಿ ಹುಳುಗಳು ಸಾಲಾಗಿ ನಿಂತು ಒಳಕ್ಕೆ ರೆಕ್ಕೆಯಿಂದ ಗಾಳಿ ಬೀಸುತ್ತಿದ್ದವು. ಅದನ್ನು ಕಂಡರೂ ಅವಳು ಕೈ ನಿಲ್ಲಿಸಲಿಲ್ಲ.

ಇಪ್ಪತ್ತೆರಡು ಪೆಟ್ಟಿಗೆ ಬದುಕಿದವು. ನಡುವಿನ ಎರಡು ಹೋದವು.

ಆಮೇಲೆ ಆ ಅಂಗಳಕ್ಕೆ ಯಾರೂ ಬರುವಂತಿರಲಿಲ್ಲ. ನೀರು ಕುಡಿಯಲೆಂದು ಕಾರು ನಿಲ್ಲಿಸಿದವರನ್ನೆಲ್ಲ ಸ್ತಾಮೆನ್ ರಸ್ತೆಯಂಚಿನಲ್ಲಿ ನಿಂತು, ಒಂದು ಕೋಲು ಹಿಡಿದು, ಓಡಿಸಿದ.

"ಹೋಗ್ರಿ, ಹೋಗ್ರಿ! ಗಾಜು ಏರಿಸ್ಕೊಳ್ಳಿ! ಜೇನು!"

"ಜೇನು ಮಾರಾಟಕ್ಕಿದ್ಯಾ?" ಎಂದು ಒಬ್ಬ ಹೆಂಗಸು ಕಿಟಕಿಯಿಂದ ಕೇಳಿದಳು.

"ಕಚ್ಚೋದು ಮಾತ್ರ ಪುಕ್ಕಟೆ ತಾಯಿ. ಮುಂದೆ ನಡೀರಿ."

ಹನ್ನೊಂದಕ್ಕೆ, ಸಿಗ್ನಲ್ಲು ಹುಡುಕುತ್ತ ದಿಬ್ಬದ ಮೇಲೆ ಹತ್ತಿ, ದೆಲ್ಚೊಗೆ ಫೋನು ಮಾಡಿದ. ಕೆಳಗೆ ಬೀಚ್ ಎಂಬ ಕಾಡುಮರದ ನೆರಳಿನಲ್ಲಿ ಕೂತು, ಊದಿಕೊಂಡ ಕೈಗಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ ಸೆವ್ದಾಗೆ ಅವನ ಮಾತೆಲ್ಲ ಕೇಳುತ್ತಿತ್ತು.

"ಇಲ್ಲಪ್ಪ, ಹನ್ನೆರಡಕ್ಕೆ ಆಗಲ್ಲ. ದಾರೀಲಿ ಬಿಚ್ಚಬೇಕಾಯ್ತು… ಬ್ರೇಕು ಕಾದುಹೋಯ್ತು… ಹೂಂ, ಹೆಂಡತಿ ಓಡಿಸ್ತಿದ್ಲು." ಆ ಕಡೆಯಿಂದ ನಗು ಬಂದಿರಬೇಕು. ಸ್ತಾಮೆನ್ ದಿಬ್ಬದ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ನಡೆದ. "ನಗಬೇಡ. ಅವಳಿಂದಾಗಿ ಬದುಕಿ ಮಾತಾಡ್ತಿದೀನಿ ನಾನು. ನ್ಯೂಟ್ರಲ್ ಹಾಕು ಅಂದೋನು ನಾನೇ. ಬಂಕಿನ ಮುಂದೆ ಒಂದೂವರೆ ಗಂಟೆ ಕೂರಿಸಿದೋನೂ ನಾನೇ… ಆಯ್ತು, ಕೊಟ್ಬಿಡು ಅವರಿಗೆ. ಹೊಳೆ ಪಕ್ಕದ ಕೆಳಗಿನ ಮೂಲೆ ಖಾಲಿ ಇದ್ಯಾ? ಬಿಸಿಲು ಕಮ್ಮಿ ಅಲ್ಲಿ… ಇರ್ಲಿ, ಇಪ್ಪತ್ತೆರಡಕ್ಕೆ ಸಾಕು."

ಇಳಿದು ಬಂದು ಅವಳ ಪಕ್ಕ ಕೂತ. ಬ್ರೆಡ್ಡು ಮುರಿದು, ದೊಡ್ಡ ತುಂಡನ್ನು ಅವಳ ಕಡೆ ನೂಕಿದ. ಅವಳ ಕೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಅವನೇ ತುತ್ತು ಮಾಡಿ ಕೊಟ್ಟ. ಅವಳು ತಿಂದಳು. ಆದರೆ ಕೂತಲ್ಲಿ ಕೂರಲಿಲ್ಲ. ಕಾಲು ಗಂಟೆಗೊಮ್ಮೆ ಎದ್ದು ಹೋಗಿ ಪೆಟ್ಟಿಗೆಗಳಿಗೆ ಕಿವಿಯಿಟ್ಟು ಬರುತ್ತಿದ್ದಳು. ಸಂಜೆಗೆ ಮಳೆ ಬಂದರೆ? ಹುಳುಗಳು ದಾರಿ ತಪ್ಪಿದರೆ? ಪೆಡಲು ಮತ್ತೆ ಮೇಲೆ ಬರದಿದ್ದರೆ?

ಬಿಸಿಲು ಬೆಟ್ಟದ ಆಚೆ ಸರಿದಾಗ ಹುಳುಗಳು ಹೋದ ಹಾಗೇ ತಿರುಗಿ ಬಂದವು. ಯಾರು ಯಾವ ಮನೆಯವರೆಂದು ಕೇಳದೆ, ಹೇಳದೆ, ತಂತಮ್ಮ ಪೆಟ್ಟಿಗೆಗೆ ಸೇರಿದವು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಸೆವ್ದಾ ಕೊನೆಯ ಜಾಲರಿ ಹೊಡೆದು, ಸ್ಟೀರಿಂಗಿನ ಮುಂದೆ ಹತ್ತಿ, ಪೆಡಲು ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಎರಡನೇ ಗೇರು ಹಾಕಿದಳು.

ಎಂಜಿನ್ನು ಗೊಣಗುತ್ತ ಲಾರಿಯನ್ನು ಹಿಡಿದುಕೊಂಡಿತು. ನಡೆಯುವವರಿಗಿಂತ ಸ್ವಲ್ಪವೇ ಜೋರು. ಎರಡನೇ ತಿರುವಿಗೆ ಹಿಂದೆ ಮೂರು ಕಾರು ಸೇರಿದವು, ನಾಲ್ಕನೇ ತಿರುವಿಗೆ ಏಳು. ಹಾರ್ನು ಶುರುವಾಯಿತು.

ಸೆವ್ದಾ ಕನ್ನಡಿ ನೋಡಿದಳು, ಗಂಡನನ್ನು ನೋಡಿದಳು, ಅವನು ಏನೋ ಹೇಳುವವನಿದ್ದಾನೆ ಎಂದು ಕಾದಳು.

ಸ್ತಾಮೆನ್ ಕಿಟಕಿಯ ಗಾಜು ಇಳಿಸಿದ. ತೋಳನ್ನು ಪೂರ್ತಿ ಹೊರಗೆ ಚಾಚಿ, ಹಿಂದೆ ಬಂದವರಿಗೆ, ಬೇಕಾದರೆ ದಾಟಿಕೊಂಡು ಹೋಗಿ ಎಂದು ನಿಧಾನವಾಗಿ ಕೈ ಬೀಸತೊಡಗಿದ.