ತೊಟ್ಟಿಯ ತಿಳಿನೀರು

ಅಂಗಡಿಗೆ ಬರುವ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವನು ಮೀನಣ್ಣ. ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನು ಸಾಕಿ ಮಾರುವವನಿಗೆ ಇನ್ನೇನು ಹೆಸರು ಬೇಕು? ಅಕ್ಕ ಮಾತ್ರ "ಲೋ" ಎನ್ನುತ್ತಿದ್ದಳು. ಅವನ ಕೂದಲು ನರೆಯತೊಡಗಿದರೂ ಆ "ಲೋ" ಹೋಗಿರಲಿಲ್ಲ. ಅಮ್ಮ ತೀರಿಕೊಂಡಾಗ ಅವನಿನ್ನೂ ಜಾರುವ ಚಡ್ಡಿ ಹಿಡಿದುಕೊಂಡು ಓಡಾಡುವ ಹುಡುಗ. ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿದವಳು ಅಕ್ಕ. ಬೈಯುವ ಹಕ್ಕು ತನಗೆ ಸಾಯುವವರೆಗೂ ಇದೆ ಎಂದು ಅವಳು ತಿಳಿದಿದ್ದಳು, ಅವನೂ ಒಪ್ಪಿಕೊಂಡಿದ್ದ.

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊಲಿಗೆಯ ವಿಷಯಕ್ಕೆ ಬಂದರೆ ದೇವರಿಗೂ ರಿಯಾಯಿತಿ ಇಲ್ಲ. ಬೇರೆಯವರು ಹಾಕಿದ ಸಡಿಲ ಗುಂಡಿ ಕಣ್ಣಿಗೆ ಬಿದ್ದರೆ, ಅಂಗಿ ತೊಟ್ಟವರನ್ನು ನಿಲ್ಲಿಸಿಕೊಂಡೇ ಕಿತ್ತು ಮತ್ತೆ ಹಾಕುತ್ತಿದ್ದಳು. ಒಮ್ಮೆ ಮೀನಣ್ಣ ಸ್ವತಃ ಒಂದು ಗುಂಡಿ ಹಾಕಿಕೊಂಡಾಗ, "ಇದು ಗುಂಡಿನೋ, ಬೀಳೋ ಹಲ್ಲೋ?" ಎಂದು ಬೀದಿಗೆಲ್ಲ ಕೇಳಿಸುವಂತೆ ನಕ್ಕಿದ್ದಳು.

ಮುಂದೆ ಮೀನಿನ ಅಂಗಡಿ, ನಡುವೆ ಮನೆ, ಹಿಂದೆ ಅಕ್ಕನ ಹೊಲಿಗೆ ಕೋಣೆ. ಬೆಳಕು ಚೆನ್ನಾಗಿ ಬೀಳಲೆಂದು ಯಂತ್ರವನ್ನು ಕಿಟಕಿಗೆ ಒತ್ತಿ ಇಟ್ಟಿದ್ದಳು. ಆ ಕಿಟಕಿಯ ಹೊರಗೆ, ಹಿತ್ತಲ ನೆರಳಿನಲ್ಲಿ, ತಮ್ಮನ ಸಿಮೆಂಟು ತೊಟ್ಟಿ ಇತ್ತು.

ಆ ತೊಟ್ಟಿಯೇ ಅವನ ಜಂಬ. ಫೈಟರ್ ಮೀನಿಗೆ ಒಣ ಕಾಳು ಹಾಕಿದರೆ ಹೊಟ್ಟೆ ತುಂಬುತ್ತದೆ, ಬಣ್ಣ ಏರುವುದಿಲ್ಲ. ಬಣ್ಣ ಏರಬೇಕಾದರೆ ಜೀವಂತ ಹುಳು ಬೇಕು. ಅದಕ್ಕೇ ಅವನು ಸೊಳ್ಳೆಮರಿ ಸಾಕುತ್ತಿದ್ದ. ತೊಟ್ಟಿಗೆ ಶುದ್ಧ ನೀರು ತುಂಬಿ, ಒಂದಿಷ್ಟು ಒಣ ಎಲೆ ಉದುರಿಸಿ ಬಿಟ್ಟರೆ ಸಾಕು, ಸೊಳ್ಳೆಗಳು ಕರೆಯದೇ ಬಂದು ಮೊಟ್ಟೆಯಿಡುತ್ತಿದ್ದವು. ಅದರಲ್ಲೂ ಕಾಲಿಗೆ ಬಿಳಿ ಪಟ್ಟೆಯಿರುವ ಕಪ್ಪು ಸೊಳ್ಳೆ ಕಂಡರೆ ಅವನಿಗೆ ಖುಷಿ, ಅದರ ಮರಿಗಳನ್ನು ಅವನ ಮೀನುಗಳು ಮುಗಿಬಿದ್ದು ತಿನ್ನುತ್ತಿದ್ದವು. ದಿನಾ ಬೆಳಿಗ್ಗೆ ಬಲೆಯಲ್ಲಿ ಸೋಸಿ ಮೀನಿಗೆ ಹಾಕುತ್ತಿದ್ದ. ರೆಕ್ಕೆ ಬರುವ ಮೊದಲೇ ಎಲ್ಲವೂ ಮೀನಿನ ಹೊಟ್ಟೆ ಸೇರುತ್ತಿದ್ದುದರಿಂದ, ಬೀದಿಯ ಸೊಳ್ಳೆ ಕಡಿಮೆಯಾಗುತ್ತಿರುವುದೇ ತನ್ನಿಂದ ಎಂದು ಬೇರೆ ಹೇಳಿಕೊಂಡು ತಿರುಗುತ್ತಿದ್ದ.

ಆಗ ದೂರದ ಊರಿನಲ್ಲಿ ಮೀನಿನ ಪ್ರದರ್ಶನ ಬಂತು. ಅವನು ಕೆಂಪು ಫೈಟರ್ ಒಂದನ್ನು ಚೀಲದಲ್ಲಿ ಕಟ್ಟಿಕೊಂಡು ಹೊರಟು ನಿಂತ.

"ಲೋ, ಹೋಗೋ ಮುಂಚೆ ಆ ಹುಳ ಸೋಸಿ ಹೋಗೋ," ಎಂದಳು ಅಕ್ಕ.

"ಈಗ್ಲೇ ಸೋಸಿದ್ರೆ ಏನು ಸಿಗುತ್ತೆ ಅಕ್ಕ, ಎಲ್ಲ ಎಳಸು. ಬೆಳೀಲಿ ಬಿಡು, ಬಂದು ಸೋಸ್ತೀನಿ."

"ಹಂಗಾದ್ರೆ ಬಲೆ ಕೊಡು, ನಾನೇ ಸೋಸ್ತೀನಿ."

"ನಿನ್ನ ಕೈಗೆ ಸೂಜಿ ಸರಿ. ಬಲೆ ನಂಗೆ ಬಿಡು."

ಪ್ರದರ್ಶನ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಎಳೆಯಿತು. ಬಹುಮಾನದ ಬಟ್ಟಲು ಹಿಡಿದು ಕುಣಿಯುತ್ತ ಮನೆಗೆ ಬಂದವನು ನೇರ ಹಿತ್ತಲಿಗೆ ಹೋದ. ತೊಟ್ಟಿಯಲ್ಲಿ ಹುಳುಗಳಿರಲಿಲ್ಲ. ನೀರಿನ ಮೇಲೆ ಅವು ಕಳಚಿಹೋದ ಖಾಲಿ ಸಿಪ್ಪೆಗಳು ತೇಲುತ್ತಿದ್ದವು. ಛೆ, ಮೀನಿನ ಊಟ ಹಾರಿಹೋಯಿತಲ್ಲ ಎಂದು ಪೇಚಾಡಿದ. ಅವತ್ತು ಅವನಿಗೆ ಬೇಸರವಾಗಿದ್ದು ಅಷ್ಟಕ್ಕೇ.

ಕಿಟಕಿಯೊಳಗೆ ಅಕ್ಕ ಸಮವಸ್ತ್ರದ ರಾಶಿ ಹಾಕಿಕೊಂಡು ಯಂತ್ರ ತುಳಿಯುತ್ತಿದ್ದಳು. ನಡುನಡುವೆ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತಿದ್ದಳು.

"ನಿನ್ನ ಸಾಕುಮಕ್ಕಳು ಹಗಲು ಹೊತ್ತಲ್ಲೇ ನನ್ನ ಕಾಲಿಗೆ ಊಟಕ್ಕೆ ಬರ್ತಾವೆ ನೋಡು," ಎಂದಳು.

"ನೆಂಟರು ಅಂದ್ಮೇಲೆ ಉಪಚಾರ ಮಾಡ್ಬೇಕಪ್ಪ," ಎಂದು ಅವನು ನಕ್ಕ. ಅವಳೂ ನಕ್ಕಳು.

ಅದಾದ ಸ್ವಲ್ಪ ದಿನಕ್ಕೆ ಅಕ್ಕನಿಗೆ ಜ್ವರ ಬಂತು. ಬೆಳಿಗ್ಗೆ ಚೆನ್ನಾಗಿಯೇ ಇದ್ದವಳು ಮಧ್ಯಾಹ್ನ ಕತ್ತರಿ ಕೆಳಗಿಟ್ಟು, "ಮೈಯೆಲ್ಲ ಮುರೀತಿದೆ ಕಣೋ," ಎಂದು ಗೋಡೆ ಹಿಡಿದುಕೊಂಡು ಬಂದು ಮಲಗಿದಳು. ಜೀವಮಾನದಲ್ಲಿ ಹಗಲು ಮಲಗಿದವಳಲ್ಲ. ಮೈ ಕೆಂಡವಾಗಿತ್ತು. ಕೀಲುಗಳು ಊದಿದವು, ಬೆರಳುಗಳು ಅರ್ಧ ಮಡಚಿದ ಹಾಗೇ ನಿಂತುಬಿಟ್ಟವು. ನೀರಿನ ಲೋಟವನ್ನೂ ಅವನೇ ಬಾಯಿಗೆ ಹಿಡಿಯಬೇಕಾಯಿತು.

ಬೀದಿಯ ಡಾಕ್ಟರು ರಕ್ತ ತೆಗೆಸಿದರು. ಮಲೇರಿಯಾ ಅಲ್ಲ, ಟೈಫಾಯ್ಡ್ ಅಲ್ಲ. "ಯಾವ ಜ್ವರ ಅಂತ ಗೊತ್ತಾಗ್ತಿಲ್ಲ," ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಡಾಕ್ಟರಮ್ಮ ಸಾವಧಾನದವರು. ಬೆರಳು ಒಂದೊಂದಾಗಿ ಮುಟ್ಟಿ ನೋಡಿದರು, ಕೈಮೇಲಿನ ಕೆಂಪು ದದ್ದು ನೋಡಿದರು, ಆಮೇಲೆ ಅವನ ಕಡೆ ತಿರುಗಿದರು.

"ಮನೆ ಹತ್ರ ಎಲ್ಲಾದ್ರೂ ನೀರು ನಿಂತಿದ್ಯಾ?"

"ಇಲ್ಲ ಮೇಡಂ. ನಮ್ಮನೆ ತುಂಬ ಚೊಕ್ಕಟ. ಚರಂಡಿಗೂ ಔಷಧಿ ಹೊಡೆಸಿದೀನಿ," ಎಂದ ಮೀನಣ್ಣ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಿಂತ ನೀರು ಎಂದರೆ ಅವನ ಮಟ್ಟಿಗೆ ಕೊಳಚೆ. ತೊಟ್ಟಿಯದು ಕುಡಿಯುವಂಥ ತಿಳಿನೀರು, ಅದು ಮೀನಿನ ಅಡುಗೆಮನೆ. ಮಂಚದ ಮೇಲಿದ್ದ ಅಕ್ಕ ಕಣ್ಣು ತೆರೆದು ಅವನನ್ನು ನೋಡಿದಳು, ಮತ್ತೆ ಮುಚ್ಚಿಕೊಂಡಳು.

ಬೇರೊಂದು ಪರೀಕ್ಷೆ ಮಾಡಿಸಿದ ಮೇಲೆ ಜ್ವರಕ್ಕೆ ಹೆಸರು ಸಿಕ್ಕಿತು. ಚಿಕೂನ್‌ಗುನ್ಯಾ.

"ಸೊಳ್ಳೆಯಿಂದ ಬಂದದ್ದು," ಎಂದರು ಡಾಕ್ಟರಮ್ಮ. "ರಾತ್ರಿ ಪರದೆ ಕಟ್ಕೊಂಡ್ರೆ ಸಾಲಲ್ಲ, ಇದು ಹಗಲಲ್ಲಿ ಕಚ್ಚೋದು. ಕೊಳಚೆನೂ ಬೇಕಿಲ್ಲ ಇದಕ್ಕೆ, ಶುದ್ಧ ನೀರಲ್ಲೇ ಹುಟ್ಟುತ್ತೆ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ನೋಡಿರ್ತೀರಿ ನೀವು."

ನೋಡಿರ್ತೀರಿ! ನೀರು ತುಂಬಿ, ಎಲೆ ಹಾಕಿ, ಬಾಗಿ ನಿಂತು ನೋಡಿ ಸಂತೋಷಪಟ್ಟವನು ಮೀನಣ್ಣನೇ.

ಮನೆಗೆ ಹೋದವನೇ ತೊಟ್ಟಿಯನ್ನು ಬಿಸಿಲಿಗೆ ಮಗುಚಿದ. ಹೊಸ ಹುಳುಗಳು ನೆಲದ ಮೇಲೆ ಒದ್ದಾಡಿ ಸುಮ್ಮನಾದವು. ಸುತ್ತಿಗೆ ತಂದು ತೊಟ್ಟಿಯನ್ನೂ ಒಡೆದುಹಾಕಿದ. ಬೀದಿಯಲ್ಲಿ ಇನ್ನೂ ಯಾರಿಗೋ ಜ್ವರವಿತ್ತಂತೆ, ಕಚ್ಚಿದ್ದು ಯಾವ ಮನೆಯ ಸೊಳ್ಳೆ ಎಂದು ಯಾರು ಹೇಳಬಲ್ಲರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಹೊಟ್ಟೆಗಿಳಿಯಲಿಲ್ಲ. ಒಂದು ಸಲ ಬಲೆ ಆಡಿಸಿ ಹೋಗಿದ್ದರೆ ಆಗುತ್ತಿತ್ತು. ಬಲೆಯನ್ನು ಅವಳ ಕೈಗೆ ಕೊಟ್ಟಿದ್ದರೂ ಆಗುತ್ತಿತ್ತು.

ಜ್ವರ ಬಿಟ್ಟಿತು, ಬೆರಳು ಬಿಡಲಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು ಎಂದಿದ್ದರು ಡಾಕ್ಟರಮ್ಮ. ಅಕ್ಕ ಯಂತ್ರದ ಮುಂದೆ ಕೂತು ನೋಡಿದಳು. ಕಾಲು ತುಳಿಯಿತು, ಕೈಯಿಂದ ಬಟ್ಟೆ ಜಾರಿತು. ಸಮವಸ್ತ್ರದ ರಾಶಿಯನ್ನು ಶಾಲೆಯವರು ಬಂದು ಹೊತ್ತುಕೊಂಡು ಹೋಗಿ ಬೇರೆ ದರ್ಜಿಗೆ ಕೊಟ್ಟರು. ಅವಳು ಬಾಗಿಲವರೆಗೂ ಹೋಗಿ, "ಕಾಲರ್ ಜೋಪಾನ ಅಂತ ಹೇಳಿ ಅವ್ರಿಗೆ," ಎಂದು ಕಳಿಸಿದಳು. ಅಂಗಡಿಯಲ್ಲಿ ಕೆಂಪು ಫೈಟರ್ ಒಣ ಕಾಳು ತಿಂದು ಬಣ್ಣಗೆಡುತ್ತಿತ್ತು.

ಒಂದು ಸಂಜೆ ಅವಳು ಹಿತ್ತಲ ಕಡೆ ನೋಡುತ್ತ, "ತೊಟ್ಟಿ ಒಡೆದೆಯೇನೋ?" ಎಂದು ಕೇಳಿದಳು.

"ಹೂಂ. ಅಕ್ಕ, ಅವತ್ತು ಡಾಕ್ಟರಮ್ಮ ಕೇಳ್ದಾಗ..."

"ನಂಗೂ ತೊಟ್ಟಿನೇ ನೆನಪಾಗಿತ್ತು ಕಣೋ. ನೀನು ಇಲ್ಲ ಅಂದ್ಬಿಟ್ಟೆ. ನಾನು ಇದೆ ಅಂದ್ರೆ ಎಲ್ಲರ ಮುಂದೆ ನಿನ್ನ ಮುಖ ಏನಾಗ್ತಿತ್ತು ಅಂತ ಸುಮ್ಮನಾದೆ."

ಅವಳಿಂದ ಒಂದು ಬೈಗುಳ ಬಂದೀತೆಂದು ಅವನು ಕಾದ. ಬರಲಿಲ್ಲ. ಅವಳ ಕಣ್ಣು ಅವನ ಅಂಗಿಯ ಮೇಲಿತ್ತು, ಎದೆಯ ಹತ್ತಿರ ಒಂದು ಗುಂಡಿ ಇರಲಿಲ್ಲ.

"ಸೂಜಿ ಡಬ್ಬಿ ತಗೊಂಡ್ಬಾ," ಎಂದಳು. ಸೂಜಿ ಹಿಡಿಯಲು ನೋಡಿದಳು. ಅದು ಮಡಿಲಿಗೆ ಬಿತ್ತು, ಮತ್ತೆ ಬಿತ್ತು. "ನೀನೇ ಹಾಕೋ, ನಾನು ಹೇಳ್ಕೊಡ್ತೀನಿ."

ಅಂಗಿ ಬಿಚ್ಚಿ ಅವನು ಗುಂಡಿ ಹಾಕಿದ. ದಾರ ಗಂಟಾಯಿತು, ಗುಂಡಿ ಒಂದು ಕಡೆಗೆ ಜೋತುಬಿತ್ತು. ಅಕ್ಕ ಬಗ್ಗದ ಬೆರಳಿನಿಂದ ಅದನ್ನು ಮುಟ್ಟಿ, ಅತ್ತಿತ್ತ ಅಲ್ಲಾಡಿಸಿ ನೋಡಿದಳು.

"ಚೆನ್ನಾಗಿ ಹಾಕಿದೀಯ," ಎಂದಳು. "ಬಿಗಿಯಾಗಿದೆ."

ಗುಂಡಿ ಅವಳ ಬೆರಳಿನಡಿಯಲ್ಲೇ ಅಲ್ಲಾಡುತ್ತಿತ್ತು. ಮೀನಣ್ಣ ಅಂಗಿ ತೊಟ್ಟುಕೊಂಡು ಅಂಗಡಿಗೆ ಬಂದು, ಗಾಜಿನ ತೊಟ್ಟಿಗಳ ಹಿಂದೆ ಮುಖ ಮರೆಸಿಕೊಂಡು ಅತ್ತ.