ಸುಟ್ಟ ಕಲ್ಲು

ಪೊರಕೆ ಕಲ್ಲಿಗೆ ತಾಗಿದ್ದು ಒರೆಸ್ಟ್ ಮೆಲ್ನಿಕ್‌ಗೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಯಿತು. ಪೊರಕೆ ಕಟ್ಟಿ, ಪೊರಕೆ ಮಾರಿ ದೊಡ್ಡವನಾದವನ ಕೈ. ಅದಕ್ಕೆ ಸುಳ್ಳು ಹೇಳಿ ನಂಬಿಸಲಾಗುವುದಿಲ್ಲ. ಐಸಿನ ಮೇಲೆ ಜಾರಿ ಬರುತ್ತಿದ್ದ ಕಲ್ಲು ಕೂದಲೆಳೆಯಷ್ಟು ಅಲುಗಿ, ಹಾಗೇ ಮುಂದೆ ಸಾಗಿ, ದೂರದ ವೃತ್ತದ ನಟ್ಟನಡುವೆ ಹೋಗಿ ನಿಂತಿತು. ಪಂದ್ಯದ ಕೊನೆಯ ಕಲ್ಲು ಅದು. ಒಂದೇ ಅಂಕದಿಂದ ಅವನ ತಂಡ ಗೆದ್ದಿತು.

ಐಸಿನ ಮೇಲೆ ಕಲ್ಲು ಜಾರಿಸಿ, ಅದರ ಮುಂದಿನ ಐಸನ್ನು ಪೊರಕೆಯಿಂದ ಉಜ್ಜುತ್ತ ವೃತ್ತದ ನಡುವಿಗೆ ತಲುಪಿಸುವ ಕರ್ಲಿಂಗ್ ಆಟಕ್ಕೆ ಪ್ಲೋವರ್ ಊರಿನಲ್ಲಿ ಯಾವತ್ತೂ ತೀರ್ಪುಗಾರ ಎಂಬವನಿರಲಿಲ್ಲ. ಓಡುವ ಕಲ್ಲಿಗೆ ಪೊರಕೆ ತಾಗಿದರೆ ಆ ಕಲ್ಲು ಸುಟ್ಟ ಹಾಗೆ, ಲೆಕ್ಕಕ್ಕಿಲ್ಲ. ತಾಗಿಸಿದವನೇ ಬಾಯಿಬಿಟ್ಟು ಹೇಳಬೇಕು, ಕಲ್ಲನ್ನು ಬದಿಗೆ ತಳ್ಳಬೇಕು. ಹಾಲುಹಲ್ಲು ಬೀಳುವ ಮೊದಲೇ ಇಲ್ಲಿನ ಮಕ್ಕಳು ಕಲಿಯುವ ಪಾಠ ಇದು. ಒರೆಸ್ಟ್ ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ಇಡೀ ಊರು ಎದ್ದು ನಿಂತು ಚಪ್ಪಾಳೆ ತಟ್ಟಿತು. ಕ್ಲಬ್ಬಿನ ಹೊಸ ಕಟ್ಟಡದ ಮೊದಲ ಪಂದ್ಯ, ಕಟ್ಟಿಸಿಕೊಟ್ಟವನು ಅವನು, ಬಾಗಿಲ ಮೇಲೆ ಅವನದೇ ಹೆಸರು. ತೆರೆದ ಬಾಯಿ ನಗುವಾಗಿಬಿಟ್ಟಿತು.

ಎದುರು ತಂಡದ ನಾಯಕ ಲಾಯ್ಡ್ ಥಾರ್ಸನ್ ವೃತ್ತದ ಹಿಂದೆಯೇ ನಿಂತು ಕಲ್ಲನ್ನು ನೋಡುತ್ತಿದ್ದವನು. ಅವನಿಗೆ ಕಂಡಿತ್ತು. ಆದರೂ ಕೈ ಚಾಚಿದ.

"ಒಳ್ಳೇ ಆಟ, ಬಾಸ್," ಎಂದ, ಶೂ ನೋಡಿಕೊಂಡು.

ಬಾಸ್ ಅಂತೆ. ಒರೆಸ್ಟ್‌ನ ಅಪ್ಪನ ದನದ ಕೊಟ್ಟಿಗೆಯಲ್ಲಿ ಇಬ್ಬರೂ ಬೆರಳು ಒಡೆಯುವ ಚಳಿಯಲ್ಲಿ ಮೊದಲ ಪೊರಕೆಗಳನ್ನು ಕಟ್ಟಿದ್ದರು. ಕಟ್ಟು ಸಡಿಲವಾಗಿದ್ದರೆ ಇದೇ ಲಾಯ್ಡ್ ಅದನ್ನು ಮುಖಕ್ಕೆ ಎಸೆದು, "ನಿಮ್ಮಜ್ಜಿಗೆ ಮಾರ್ಕೋ ಹೋಗು, ಕತ್ತೆ" ಎನ್ನುತ್ತಿದ್ದ. ಕೊಟ್ಟಿಗೆ ಕಾರ್ಖಾನೆಯಾಯಿತು. ಲಾಯ್ಡ್ ಅಲ್ಲೇ ಮೇಸ್ತ್ರಿಯಾಗಿದ್ದು ನಿವೃತ್ತನಾದ. ಅವನ ಮಗಳು ಜೋಆನ್ ಈಗ ಅಲ್ಲೇ ಕೆಲಸಕ್ಕಿದ್ದಾಳೆ. ಒರೆಸ್ಟ್ ಊರಿಗೆ ಲೈಬ್ರರಿ ಕೊಟ್ಟ, ಆಂಬುಲೆನ್ಸ್ ಕೊಟ್ಟ, ಮಕ್ಕಳ ಓದಿಗೆ ಕೊಟ್ಟ. ಕೊಟ್ಟದ್ದರಲ್ಲಿ ಕಪಟವಿರಲಿಲ್ಲ. ಆದರೆ ಯಾವಾಗಲೋ ಊರಿನವರು ಅವನ ಜೋಕು ಮುಗಿಯುವ ಮೊದಲೇ ನಗತೊಡಗಿದ್ದರು, ಕ್ಷೌರದಂಗಡಿಯಲ್ಲಿ ಕುರ್ಚಿ ಬಿಟ್ಟುಕೊಡತೊಡಗಿದ್ದರು. ಅದನ್ನೆಲ್ಲ ಗೌರವ ಎಂದುಕೊಂಡಿದ್ದ, ಪಾಪ.

ಆಟ ಮುಗಿದ ಮೇಲೆ ಎರಡೂ ತಂಡ ಮಹಡಿಯಲ್ಲಿ ಒಂದೇ ಮೇಜಿಗೆ ಕೂರಬೇಕು, ಗೆದ್ದವರು ಸೋತವರಿಗೆ ಮೊದಲ ಗ್ಲಾಸು ಕೊಡಿಸಬೇಕು. ಇದು ಯಾರೂ ಮುರಿಯದ ಪದ್ಧತಿ. ಆಲೂಗಡ್ಡೆ ತುಂಬಿದ ಕಡುಬು, ಬಿಸಿ ಪೆರೋಗಿಗಳ ತಟ್ಟೆ ಬಂತು. ಒರೆಸ್ಟ್‌ಗೆ ಒಂದು ತುತ್ತೂ ಇಳಿಯಲಿಲ್ಲ.

"ಆ ಕಲ್ಲು ಸುಟ್ಟಿತ್ತು," ಎಂದ ಕೊನೆಗೆ. "ನನ್ನ ಪೊರಕೆ ತಾಗ್ತು. ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಅವನ ಜೊತೆಗೇ ಪೊರಕೆ ಹಾಕಿದ್ದ ಕ್ಲಬ್ಬಿನ ಅಧ್ಯಕ್ಷ ಡಗ್ ತಲೆಯಾಡಿಸಿದ. "ಅಯ್ಯೋ ಬಿಡಿ ಯಜಮಾನ್ರೇ. ನಾನು ಪಕ್ಕದಲ್ಲೇ ಇದ್ನಲ್ಲ. ಏನೂ ತಾಗ್ಲಿಲ್ಲ."

"ತಾಗ್ತು ಡಗ್."

"ನೋಡ್ರಪ್ಪಾ," ಡಗ್ ಎಲ್ಲರಿಗೂ ಕೇಳುವಂತೆ ಎಂದ, "ಗೆದ್ದಿರೋ ಆಟಾನೂ ದಾನ ಮಾಡ್ತಾರೆ ನಮ್ಮ ಯಜಮಾನ್ರು."

ಮತ್ತೆ ಚಪ್ಪಾಳೆ. ಒರೆಸ್ಟ್‌ಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾತು ನುಂಗಿದ್ದು ಒಂದು ತಪ್ಪು, ಸಣ್ಣದು. ಕೊಡುತ್ತ ಕೊಡುತ್ತ ಊರಿನ ಬಾಯಿಗೇ ಬೀಗ ಹಾಕಿದ್ದನಲ್ಲ, ಅದಕ್ಕೇನು ಮಾಡುವುದು? ತಪ್ಪು ಮಾಡಿದೆ ಎಂದರೆ ನಂಬುವ ಒಬ್ಬ ಮನುಷ್ಯನನ್ನೂ ಅವನು ಉಳಿಸಿಕೊಂಡಿರಲಿಲ್ಲ.

"ಲಾಯ್ಡ್, ನೀನು ನೋಡ್ದೆ," ಎಂದ.

ಲಾಯ್ಡ್ ಫೋರ್ಕಿನಿಂದ ಪೆರೋಗಿಯನ್ನು ಮಗುಚಿ ಹಾಕಿದ. "ಜೋಆನ್‌ಳನ್ನ ಕಾರ್ಖಾನೆಗೆ ಮ್ಯಾನೇಜರ್ ಮಾಡೋ ಮಾತು ನಡೀತಿದೆ ಅಲ್ವಾ, ಬಾಸ್?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ ಅಂತ ನಿಮಗನ್ಸುತ್ತೆ."

ಒರೆಸ್ಟ್ ಮೊದಲ ಗ್ಲಾಸು ಕೊಡಿಸಿ ಗೆದ್ದವನ ಕರ್ತವ್ಯವನ್ನಾದರೂ ಮುಗಿಸೋಣವೆಂದು ಮೇಜಿಗೆ ಕೈಯೂರಿ ಎದ್ದ. ಅವನ ಭುಜದ ಮೇಲೊಂದು ಕೈ ಬಿತ್ತು.

"ಕೂತ್ಕೊ," ಎಂದ ಲಾಯ್ಡ್.

ಪಕ್ಕದ ಮೇಜಿನಲ್ಲಿದ್ದ ಮಗಳ ಮುಖವನ್ನು ಅವನು ಒಮ್ಮೆ ನೋಡಿದ. ಜೋಆನ್‌ಳ ಕೆನ್ನೆ ಬಿಳಿಚಿಕೊಂಡಿತ್ತು. "ಹೋಗಪ್ಪ," ಎಂದಳು ಮೆಲ್ಲಗೆ.

ಲಾಯ್ಡ್ ಕೌಂಟರಿನ ತನಕ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಒಂದು ಗ್ಲಾಸ್ ವಿಸ್ಕಿ ಕೇಳಿದ, ತನ್ನ ಜೇಬಿನಿಂದಲೇ ದುಡ್ಡು ಕೊಟ್ಟ. ಮೊದಲ ಗ್ಲಾಸು ಯಾರು ಯಾರಿಗೆ ಕೊಡಿಸುತ್ತಾರೆ ಎಂಬುದು ಅಲ್ಲಿ ಕೂತ ಮಗುವಿಗೂ ಗೊತ್ತಿತ್ತು. ಡಗ್ ಬಾಯಿಯ ಹತ್ತಿರ ತಂದ ಫೋರ್ಕನ್ನು ಹಾಗೇ ಕೆಳಗಿಟ್ಟ.

ಲಾಯ್ಡ್ ಗ್ಲಾಸನ್ನು ಒರೆಸ್ಟ್‌ನ ಮುಂದೆ ಇಟ್ಟ.

"ಕುಡಿ, ಕಳ್ಳ," ಎಂದ. "ಪೊರಕೆ ನೆಟ್ಟಗೆ ಹಿಡಿಯೋಕಾಗ್ದೆ ಇದ್ರೆ ಮನೇಲಿರ್ಬೇಕು."

ಈ ಊರಿನಲ್ಲಿ ಯಾರಾದರೂ ತನಗೊಂದು ಗ್ಲಾಸು ಕೊಡಿಸಿ ಎಷ್ಟು ಕಾಲವಾಯಿತು ಎಂದು ಒರೆಸ್ಟ್ ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೋಗಲಿಲ್ಲ.

"ಸೋತೆ ಕಣೋ," ಎಂದ.

"ಗೊತ್ತು," ಎಂದ ಲಾಯ್ಡ್, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.