ಮೂಗಿನಕ್ಕನ ನಿಂಬೆ

ಸಾಬೂನು ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಕಡಾಯಿಯಿಂದ ಇಳಿದ ಸಾಬೂನನ್ನು ಮೂಸಿ, ಪರಿಮಳ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಅವಳು ಹೂಂ ಅನ್ನದೆ ಒಂದು ಬಿಲ್ಲೆಯೂ ಬಾಗಿಲು ದಾಟುತ್ತಿರಲಿಲ್ಲ.

ಒಮ್ಮೆ ಜ್ವರ ಬಂತು. ಅದು ಹೋಗುವಾಗ ವಾಸನೆಗಳನ್ನೆಲ್ಲ ಕೆಡಿಸಿ ಹೋಯಿತು. ನಿಂಬೆ, ಲವಂಗ, ಗಂಡನ ಅಂಗಿ, ಎಲ್ಲವೂ ಸುಟ್ಟ ರಬ್ಬರು. ಊಟದ ತಟ್ಟೆಯನ್ನು ದೂರ ಸರಿಸಿ ಎದ್ದು ಹೋಗುತ್ತಿದ್ದಳು.

ವೈದ್ಯರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿಯಾಗಿದೆ, ಏನೂ ಇಲ್ಲ ಎಂದರು.

"ಚಿತ್ರದಲ್ಲಿ ಏನೂ ಇಲ್ಲ ಅನ್ನಿ ಡಾಕ್ಟ್ರೇ, ಒಪ್ಕೋತೀನಿ," ಅಂದಳು. "ನನಗೇನೂ ಆಗ್ತಿಲ್ಲ ಅಂತ ಮಾತ್ರ ಅನ್ಬೇಡಿ."

ವೈದ್ಯರು, ದಿನವೂ ಮೂಸಿ ಅಭ್ಯಾಸ ಮಾಡಿದರೆ ಕೆಲವರಿಗೆ ಗುಣವಾಗುವುದುಂಟು ಎಂದರು.

ಕಾರ್ಖಾನೆಯ ಮೇಲ್ವಿಚಾರಕರು ಕೆಟ್ಟವರಲ್ಲ. ಸಾಬೂನಿನಲ್ಲಿ ಯಾವ ಪರಿಮಳದ ಎಣ್ಣೆ ಎಷ್ಟಿದೆ ಎಂದು ಅಳೆಯುವ ಯಂತ್ರ ಹೇಗೂ ಬಂದಿದೆ, ನೀವು ಪ್ಯಾಕಿಂಗ್ ಕಡೆ ಬನ್ನಿ ಎಂದರು. ಅವಳು ಹೋದಳು. ಆದರೆ ಮೂರು ತಿಂಗಳಾದ ಮೇಲೆ ತನ್ನನ್ನು ಪರೀಕ್ಷಿಸಬೇಕೆಂದು ಮಾತು ತೆಗೆದುಕೊಂಡೇ ಹೋದಳು.

ಗಂಡ ದರ್ಜಿ. ದಿನಾ ಬೆಳಿಗ್ಗೆ ಹೊಲಿಯಲು ಕೂರುವ ಮೊದಲು ಅಸ್ತರಿನ ತುಂಡಿನಿಂದ ಅವಳ ಕಣ್ಣು ಕಟ್ಟಿ, ನಿಂಬೆ, ಲವಂಗದಂಥ ಎಣ್ಣೆಗಳ ಐದು ಪುಟ್ಟ ಬಾಟಲಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿಯುತ್ತಿದ್ದ. ಮೊದಲ ತಿಂಗಳು ಐದೂ ರಬ್ಬರೇ. ತಂಗಿ ನೋಡಿ, ಬಂಡೆಗೆ ಯಾಕೆ ತಲೆ ಚಚ್ಚಿಕೊಳ್ಳುತ್ತೀಯ, ಬಿಡಕ್ಕ ಎಂದಳು. ಅವಳು ಬಿಡಲಿಲ್ಲ. ಎಲ್ಲ ರಬ್ಬರೇ ಆದರೆ ಒಂದು ಬಾಟಲಿ ಸಾಲದೇ ಎಂದು ಗಂಡ ತಮಾಷೆ ಮಾಡಿದ ದಿನವೇ ಅವಳು ಅವನ ಕೈ ಹಿಡಿದು ನಿಲ್ಲಿಸಿದಳು.

"ರಬ್ಬರಲ್ಲೂ ಬಗೆ ಇದೆ ಕಣ್ರೀ. ಇದು ಸ್ವಲ್ಪ ಚುಚ್ಚುತ್ತೆ."

ಅದು ನಿಂಬೆ. ಅಲ್ಲಿಂದ ಅವಳು ಪಟ್ಟು ಹಿಡಿದಳು. ಚುಚ್ಚುವುದು ನಿಂಬೆ, ಮಂದವಾಗಿ ಒತ್ತುವುದು ಲವಂಗ ಎಂದು ಅಕ್ಷರಾಭ್ಯಾಸದಂತೆ ಕಲಿತಳು. ನಿಧಾನವಾಗಿ ರಬ್ಬರು ತೆಳುವಾಯಿತು.

ಪರೀಕ್ಷೆಯಲ್ಲಿ ಐದೂ ಬಿಲ್ಲೆಗಳ ಪರಿಮಳವನ್ನು ಸರಿಯಾಗಿ ಹೇಳಿದಳು. ನಾಲ್ಕನೆಯದಕ್ಕೆ ಎಣ್ಣೆ ಸಾಲದು ಎಂದೂ ಹೇಳಿದಳು. ಯಂತ್ರದ ಕಾಗದವೂ ಅದನ್ನೇ ಹೇಳಿತು. ಹಳೆಯ ಮೂಗು ವಾಪಸು ಬಂತಲ್ಲ ಎಂದು ಮೇಲ್ವಿಚಾರಕರು ನಕ್ಕರು.

"ಹಳೇದು ಬಂದಿಲ್ಲ ಸಾರ್. ಇದು ನಿಂಬೆ ಅಂತ ಗೊತ್ತಾಗುತ್ತೆ. ಆದ್ರೆ ಮೊದ್ಲು ನಿಂಬೆ ಹೀಗಿರ್ಲಿಲ್ಲ."

ಉತ್ತರ ಸರಿಯಿದ್ದ ಮೇಲೆ ವ್ಯತ್ಯಾಸವೇನು ಎಂದು ಅವರು ಕೇಳಿದರು. ಅದನ್ನು ತೋರಿಸುವ ದಾರಿ ಅವಳಿಗೆ ತಿಳಿಯಲಿಲ್ಲ.

ಕೆಲಸ ಮರಳಿ ಸಿಕ್ಕಿತು. ಆದರೂ ಮನೆಗೆ ಬಂದು, ಚಿಕ್ಕಂದಿನಿಂದ ಬಲ್ಲ ನಿಂಬೆ ಹೋಯಿತು ಎಂದು ಅತ್ತಳು. ಗಂಡ ಕತ್ತರಿ ಕೆಳಗಿಟ್ಟು ಪಕ್ಕದಲ್ಲಿ ಕೂತ.

"ಅದು ನಿನಗೆ ಹೇಗಿತ್ತೋ ನನಗೆ ಗೊತ್ತಾಗಲ್ಲ," ಅಂದ. "ನೀನು ಹೋಯ್ತು ಅಂದ್ರೆ ಹೋಯ್ತು."

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಕಡಾಯಿಯ ಬಳಿ ನಿಂತಿದ್ದಳು. ಇಳಿದ ಮೊದಲ ಸಾಬೂನನ್ನು ಮೂಸಿ, ಲವಂಗ ಸಾಲದು ಎಂದು ವಾಪಸು ಕಳಿಸಿದಳು.